ಯಾರೂ ಮುಟ್ಟದ ಗಿಡ

ಮುಚ್ಚಿಹೋದ ನೂಲಿನ ಗಿರಣಿಯ ಹಿಂಗೋಡೆಗೂ ರೈಲು ಹಳಿಗೂ ನಡುವೆ ಉದ್ದನೆಯ ಒಂದು ಜಾಗವಿತ್ತು. ಅಲ್ಲಿ ಹನ್ನೆರಡು ಮನೆಯವರು ತಲಾ ನಾಲ್ಕು ಮಡಿ ಹಂಚಿಕೊಂಡು ತರಕಾರಿ ಬೆಳೆಯುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಅಲ್ಲಿದ್ದದ್ದು ಬರೀ ಇಟ್ಟಿಗೆ ಚೂರು, ಒಡೆದ ಗಾಜು, ತುಕ್ಕು ಹಿಡಿದ ಮೊಳೆ. ಗುದ್ದಲಿ ಹಾಕಿದರೆ ಠಣ್ಣನೆ ಕೈಗೇ ವಾಪಸು ಬರುತ್ತಿತ್ತು. ಆ ನೆಲವನ್ನು ಕೈಯಿಟ್ಟರೆ ಮಣಿಕಟ್ಟಿನವರೆಗೆ ಇಳಿಯುವ ಕಪ್ಪು ಮಣ್ಣು ಮಾಡಿದವಳು ಒಬ್ಬ ಹೆಂಗಸು. ಪುಸ್ತಕಕ್ಕೆ ರಟ್ಟು ಕಟ್ಟುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದವಳು. ಅವಳನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವಳು ಗೊಬ್ಬರದಕ್ಕ. ಮೊದಮೊದಲು ಮೂಗು ಮುಚ್ಚಿಕೊಂಡು ಇಟ್ಟ ಹೆಸರು ಅದು. ಆಮೇಲೆ ಅದರಲ್ಲಿ ಮರ್ಯಾದೆ ಬಂದು ಕೂತಿತು.

ಒಂದು ಪದರ ಒಣ ಎಲೆ, ಒಂದು ಪದರ ಅಡುಗೆಮನೆ ಕಸ, ಮೇಲೆ ಸಗಣಿ, ಮತ್ತೆ ಎಲೆ. ರಾಶಿಯ ಹೊಟ್ಟೆಗೆ ಕಬ್ಬಿಣದ ಸರಳು ಚುಚ್ಚಿ, ಹೊರಗೆಳೆದು ಮುಟ್ಟಿ ನೋಡುವಳು. ಕೈ ಸುಟ್ಟರೆ ಸರಿ, ತಣ್ಣಗಿದ್ದರೆ ರಾಶಿಯನ್ನು ಮಗುಚಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಹಿಂಡಿದ ಬಟ್ಟೆಯಷ್ಟೇ ತೇವ ಇರಬೇಕು. ಮಣ್ಣನ್ನು ಎಂದೂ ಬೆತ್ತಲೆ ಬಿಡಬಾರದು, ಹುಲ್ಲೋ ಎಲೆಯೋ ಹೊದಿಸಬೇಕು. ಹೋದ ವರ್ಷ ಟೊಮೆಟೊ ಬೆಳೆದ ಮಡಿಯಲ್ಲಿ ಈ ವರ್ಷ ಬೀನ್ಸು. ಇದನ್ನೆಲ್ಲ ಅವಳು ಹೇಳುವಾಗ ಎದುರಿದ್ದವರು ತಲೆಯಾಡಿಸಲೇಬೇಕು. ತಲೆಯಾಡಿಸದೆ ಉಳಿದಿದ್ದವನು ಒಬ್ಬನೇ, ಸೈಕಲ್ಲು ಸ್ಕೂಟರು ರಿಪೇರಿ ಮಾಡುವ ಮೆಕ್ಯಾನಿಕ್. ಅವನದು ಅಂಗಡಿಯ ಚೀಲದ ಗೊಬ್ಬರ.

"ಒಂದು ಹಿಡಿ ಎರಚಿದ್ರೆ ನಿಮ್ಮ ಆರು ತಿಂಗಳ ಕೆಲ್ಸ ಆರು ದಿನದಲ್ಲಿ ಆಗತ್ತೆ ಅಕ್ಕಾ," ಎಂದು ಅವನು ಕಿಚಾಯಿಸುತ್ತಿದ್ದ.

"ನೀನು ಗಿಡಕ್ಕೆ ಉಣಿಸ್ತಿದ್ದೀಯ, ಮಣ್ಣನ್ನ ಉಪವಾಸ ಕೆಡವ್ತಿದ್ದೀಯ ಕಣೋ," ಎಂದು ಅವಳು ಬಿಡದೆ ಹೇಳುತ್ತಿದ್ದಳು.

ಹತ್ತು ವರ್ಷ ಹೀಗೇ ಹಗ್ಗಜಗ್ಗಾಟ ನಡೆದು, ಈ ಸಲದ ಚಳಿಗಾಲದಲ್ಲಿ ಅವನು ಸೋತ. ಚೀಲಗಳನ್ನು ಬಿಟ್ಟು, "ಆಯ್ತು, ನಿಮ್ಮ ರಾಶೀನೇ ನನಗೂ ಕೊಡಿ," ಎಂದ. ಗೊಬ್ಬರದಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರತಿ ವರ್ಷ ಬುಟ್ಟಿ ಲೆಕ್ಕದಲ್ಲಿ ಹಂಚುತ್ತಿದ್ದವಳು, ಈ ಸಲ ಹನ್ನೆರಡೂ ಪಾಲಿಗೆ ಧಾರಾಳವಾಗಿ ಸಾಲುವಷ್ಟು ದೊಡ್ಡ ರಾಶಿ ಹಾಕಿದಳು. ಎಂದಿನಂತೆ ಊರಾಚೆಯ ಹಾಲಿನವನ ಕೊಟ್ಟಿಗೆಯಿಂದಲೇ ಸಗಣಿ ಬಂತು, ಗಾಡಿ ಮಾತ್ರ ಒಂದರ ಬದಲು ಐದು. ಚಳಿ ಮುಗಿಯುವ ಹೊತ್ತಿಗೆ ರಾಶಿ ಕಾಡಿನ ನೆಲದ ವಾಸನೆ ಬೀರುವ ಕಪ್ಪು ಹುಡಿಯಾಗಿತ್ತು. ಅದನ್ನು ಎಲ್ಲರ ಮಡಿಗೂ ತಾನೇ ನಿಂತು ಹರವಿಸಿದಳು.

ಅವಳ ಪಕ್ಕದ ಪಾಲು ಟೈಲರ್ ಅಣ್ಣನದು. ಎಪ್ಪತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ಹೆಂಡತಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಮೂರು ವರ್ಷವಾಗಿತ್ತು. ದಿನಾ ಸಂಜೆ ಅವಳನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದು ಬೀನ್ಸಿನ ಚಪ್ಪರದ ನೆರಳಲ್ಲಿ ನಿಲ್ಲಿಸುವನು. ಅವಳು ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೈಗೆಟುಕಿದ್ದನ್ನು ಕೊಯ್ಯುವಳು. ಕೊಯ್ಯಲು ಏನೂ ಇಲ್ಲದ ದಿನ ಸುಮ್ಮನೆ ಎಲೆ ಮುಟ್ಟುತ್ತ ಕೂರುವಳು. ಟೈಲರ್ ಅಣ್ಣನಿಗೆ ತೋಟದಲ್ಲೊಂದು ಹುದ್ದೆಯೂ ಇತ್ತು. ಅಂಗಡಿಯಲ್ಲಿ ಉಳಿದ ಬಟ್ಟೆಯ ಅಂಚುಗಳನ್ನು ತಂದು, ಹನ್ನೆರಡೂ ಪಾಲಿನ ಟೊಮೆಟೊ ಗಿಡಗಳನ್ನು ಕೋಲಿಗೆ ಕಟ್ಟುತ್ತಿದ್ದವನು ಅವನೇ. ದಾರ ಕಟ್ಟಿದರೆ ಕಾಂಡ ಕೊಯ್ಯುತ್ತದೆ, ಬಟ್ಟೆಯಾದರೆ ಗಿಡದ ಜೊತೆ ಜಗ್ಗುತ್ತದೆ ಎನ್ನುವನು. ಕೆಲಸ ಮುಗಿಸಿ ಗೇಟಿನ ಹತ್ತಿರ ನಿಂತು ಒಂದು ಸಿಗರೇಟು ಸೇದುವನು. ಅವನಿಗಿದ್ದ ಚಟ ಅದೊಂದೇ.

ಸಸಿ ನೆಟ್ಟು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಟೊಮೆಟೊದ ತುದಿ ಎಲೆಗಳು ಮುದುಡಿಕೊಂಡಿದ್ದವು. ನೀರು ಹೆಚ್ಚಾಯಿತೇನೋ ಎಂದುಕೊಂಡಳು ಗೊಬ್ಬರದಕ್ಕ. ವಾರ ಕಳೆಯುವಷ್ಟರಲ್ಲಿ ಎಲೆಗಳು ಮುಷ್ಟಿ ಬಿಗಿದ ಹಾಗೆ ಸುರುಳಿಯಾದವು, ಕಾಂಡ ತಿರುಚಿಕೊಂಡಿತು. ಹನ್ನೆರಡು ಪಾಲಿನಲ್ಲೂ ಅದೇ ಕಥೆ. ಭಾನುವಾರ ಬೆಳಿಗ್ಗೆ ಎಲ್ಲರೂ ಅವಳನ್ನು ಮುತ್ತಿಕೊಂಡರು. ಮೆಕ್ಯಾನಿಕ್ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

"ಏನಕ್ಕಾ ಇದು? ಚೀಲದ ಗೊಬ್ಬರ ಹಾಕ್ತಿದ್ದಾಗ ಒಂದು ದಿನಾನೂ ಹೀಗಾಗಿರ್ಲಿಲ್ಲ."

ಆ ಮಾತು ಅವಳಿಗೆ ಎಲ್ಲಿ ತಾಕಬೇಕೋ ಅಲ್ಲಿ ತಾಕಿತು. ಸುತ್ತ ನೋಡಿದಳು. ಟೈಲರ್ ಅಣ್ಣ ಬಟ್ಟೆಯ ಅಂಚುಗಳನ್ನು ಹೆಗಲಿಗೆ ಹಾಕಿಕೊಂಡು, ಅವಳ ಗಿಡದ ಎಲೆಯೊಂದನ್ನು ಬೆರಳಲ್ಲಿ ಬಿಡಿಸಿ ನೋಡುತ್ತಿದ್ದ. ಹೊಗೆಯಿಂದ ಹಳದಿಯಾದ ಬೆರಳು.

"ಇದು ನಂಜುರೋಗ," ಎಂದಳು ಗಟ್ಟಿಯಾಗಿ. "ಹೊಗೆಸೊಪ್ಪಿನಿಂದ ಬರತ್ತೆ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಟೊಮೆಟೊ ಮುಟ್ಟಿದ್ರೆ ಗಿಡದಿಂದ ಗಿಡಕ್ಕೆ ದಾಟತ್ತೆ. ಅಣ್ಣಾ, ಎಷ್ಟು ಸಲ ಹೇಳಿದ್ದೀನಿ, ಸಿಗರೇಟು ಸೇದಿದ್ ಮೇಲೆ ಸೋಪು ಹಾಕಿ ಕೈ ತೊಳೀರಿ ಅಂತ? ಹನ್ನೆರಡು ಮನೆ ಗಿಡಾನೂ ಕಟ್ಟಿದ್ದು ನಿಮ್ಮ ಕೈಯೇ ಅಲ್ವಾ?"

ಅಂಥದೊಂದು ರೋಗ ಇರುವುದು ನಿಜ. ಆದರೆ ಅವಳು ಆ ಮಾತನ್ನು ಅವನಿಗೆ ಹಿಂದೆಂದೂ ಹೇಳಿರಲಿಲ್ಲ. ಟೈಲರ್ ಅಣ್ಣ ತನ್ನ ಎರಡೂ ಕೈಯನ್ನು ತಿರುಗಿಸಿ ನೋಡಿಕೊಂಡ. ಎಲ್ಲರ ಕಣ್ಣೂ ಆ ಕೈಗಳ ಮೇಲಿತ್ತು. "ಗೊತ್ತಾಗ್ಲಿಲ್ಲ ಅಕ್ಕ," ಎಂದ. ಆ ದಿನವೇ ಅವನು ತನ್ನ ಪಾಲಿನ ಗಿಡಗಳನ್ನೆಲ್ಲ ಬುಡಸಮೇತ ಕಿತ್ತು, ರೋಗದ ಗಿಡ ಎಂದು ಗೋಣಿಚೀಲಕ್ಕೆ ತುಂಬಿ ಕಟ್ಟಿ, ಗೇಟಿನ ಕೀಲಿಕೈಯನ್ನು ಮೆಕ್ಯಾನಿಕ್‌ನ ಕೈಗೆ ಕೊಟ್ಟುಹೋದ. ಮತ್ತೆ ಬರಲಿಲ್ಲ. ಒಂದಿಬ್ಬರು ಅಯ್ಯೋ ಪಾಪ ಎಂದರು. ಹೆಚ್ಚಿನವರು, ಇಷ್ಟು ದಿನ ಕೈ ತೊಳೆದುಕೊಂಡಿದ್ದರೆ ಏನಾಗುತ್ತಿತ್ತು ಎಂದರು.

ಗೊಬ್ಬರದಕ್ಕನ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಆಡುತ್ತಲೇ ಇತ್ತು. ಟೊಮೆಟೊಗಷ್ಟೇ ಆಗಿದ್ದರೆ ಸರಿ. ಬೀನ್ಸು, ಬಟಾಣಿ, ಆಲೂಗಡ್ಡೆ ಯಾಕೆ ಮುದುಡಿದವು? ಬಟಾಣಿಯನ್ನು ಅವನು ಕಟ್ಟಿರಲಿಲ್ಲವಲ್ಲ? ಜೋಳ, ಈರುಳ್ಳಿ ಯಾಕೆ ನೆಟ್ಟಗಿವೆ? ಈ ಪ್ರಶ್ನೆ ಬಂದಾಗಲೆಲ್ಲ ಅವಳು ಬೇರೇನೋ ಕೆಲಸಕ್ಕೆ ಎದ್ದುಬಿಡುವಳು.

ಅದಾಗಿ ತಿಂಗಳ ಮೇಲೆ ಒಂದು ವಾರಕ್ಕೆ ಟೈಲರ್ ಅಣ್ಣನ ಹೆಂಡತಿ ತೀರಿಕೊಂಡಳು. ಶ್ವಾಸಕೋಶಕ್ಕೆ ನಂಜಾಗಿ ಮೂರೇ ದಿನದಲ್ಲಿ ಮುಗಿದುಹೋಯಿತು. ಗೊಬ್ಬರದಕ್ಕ ತನ್ನ ಮನೆಯಲ್ಲೇ ಇದ್ದ ತಂಗಿಯ ಜೊತೆ ಹೋಗಿ ಗೋಡೆಗೊರಗಿ ಕೂತು ಬಂದಳು. ಅವನು ಎಲ್ಲರಿಗೂ ತಲೆಯಾಡಿಸಿದ, ಅವಳಿಗೂ ಆಡಿಸಿದ. ಅವನ ಕೈಗಳು ಮಾತ್ರ ಕೆಂಪಗೆ ಬಿರಿದು, ಉಗುರಿನ ಸುತ್ತ ಚರ್ಮ ಸುಲಿದಿತ್ತು.

ಅದಾಗಿ ನಾಲ್ಕು ದಿನಕ್ಕೆ, ಉಳಿದ ರಾಶಿಯ ಹಿಂಬದಿಗೆ ಹೋದಾಗ ಅವಳು ಆ ಗಿಡವನ್ನು ನೋಡಿದ್ದು. ಅಡುಗೆಮನೆ ಕಸದಲ್ಲಿ ಉಳಿದ ಬೀಜ ತಾನೇ ಮೊಳೆತು ರಾಶಿಯ ಬುಡದಲ್ಲೇ ಬೆಳೆದ ಟೊಮೆಟೊ. ಯಾರೂ ನೆಟ್ಟಿರಲಿಲ್ಲ, ಯಾರೂ ಕಟ್ಟಿರಲಿಲ್ಲ, ಅದು ಅಲ್ಲಿದೆಯೆಂದೇ ಯಾರಿಗೂ ಗೊತ್ತಿರಲಿಲ್ಲ. ಗೇಣುದ್ದದ ಗಿಡ. ಎಲೆಯೆಲ್ಲ ಮುಷ್ಟಿ ಕಟ್ಟಿತ್ತು.

ಒಂದು ಎಲೆ ಬಿಡಿಸಿ ನೋಡಿದಳು. ಅಲ್ಲಿಯೇ ಕುಕ್ಕರಿಸಿದಳು.

ಆ ಸಂಜೆ ಆರು ಕುಂಡಗಳನ್ನು ಮನೆಗೆ ತಂದಳು. ಮೂರಕ್ಕೆ ರಾಶಿಯ ಗೊಬ್ಬರ, ಮೂರಕ್ಕೆ ಗೊಬ್ಬರವೇ ಕಾಣದ ಗೋಡೆಯಂಚಿನ ಮಣ್ಣು. ಒಂದೊಂದರಲ್ಲೂ ಮೂರು ಬೀನ್ಸು ಬೀಜ. ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ಇಟ್ಟಳು.

"ಇದೇನಕ್ಕಾ, ಒಲೆ ಪಕ್ಕಕ್ಕೂ ನಿನ್ನ ಗೊಬ್ಬರ ಬಂತಾ?" ಎಂದಳು ತಂಗಿ. ಅಕ್ಕನ ಮುಖ ನೋಡಿ ನಗು ನುಂಗಿಕೊಂಡಳು.

ಗೊಬ್ಬರದಕ್ಕ ಹಾಲಿನವನ ಕೊಟ್ಟಿಗೆಗೂ ನಡೆದು ಹೋದಳು. ಅವನು ಮುಚ್ಚಿಡಲಿಲ್ಲ. ಹೋದ ವರ್ಷ ತನ್ನ ಹುಲ್ಲು ಸಾಲದೆ ಹೊರಗಿನಿಂದ ಲೋಡುಗಟ್ಟಲೆ ಒಣಹುಲ್ಲು ತರಿಸಿದ್ದನಂತೆ. "ಚೊಕ್ಕ ಹುಲ್ಲು ಅಕ್ಕ, ಒಂದು ಕಳೆ ಕಡ್ಡಿ ಇರ್ಲಿಲ್ಲ. ಅಗಲ ಎಲೆ ಕಳೆಗೆ ಏನೋ ಹೊಡೀತಾರಂತೆ. ದನಕ್ಕೇನೂ ಆಗಲ್ಲ ಅಂದ್ರು, ಆಗ್ಲೂ ಇಲ್ಲ."

ದನಕ್ಕೆ ಏನೂ ಆಗುವುದಿಲ್ಲ. ಕೆಲವು ಕಳೆನಾಶಕಗಳು ಹುಲ್ಲಿನ ಜೊತೆ ದನದ ಹೊಟ್ಟೆ ಹೊಕ್ಕು, ಸಗಣಿಯಲ್ಲಿ ಹಾಗೇ ಹೊರಬಂದು, ರಾಶಿಯ ಬಿಸಿಗೂ ಜಗ್ಗದೆ ಉಳಿಯುತ್ತವೆ. ಹುಲ್ಲಿನ ಜಾತಿಯ ಜೋಳವನ್ನೂ ಈರುಳ್ಳಿಯನ್ನೂ ಬಿಟ್ಟು, ಅಗಲ ಎಲೆಯ ಟೊಮೆಟೊ, ಬೀನ್ಸನ್ನು ಹಿಡಿಯುತ್ತವೆ. ಅವಳು ಇದನ್ನು ಎಲ್ಲೋ ಓದಿದ್ದಳು. ಬೇರೆಯವರ ತೋಟದ ಸುದ್ದಿ ಎಂಬಂತೆ ಓದಿ ಬಿಟ್ಟಿದ್ದಳು. ಸಗಣಿ ತರುವಾಗ ದನ ತಿಂದದ್ದೇನು ಎಂದು ಪ್ರತಿ ವರ್ಷ ಕೇಳುತ್ತಿದ್ದವಳು, ಈ ವರ್ಷ ಮೆಕ್ಯಾನಿಕ್‌ನನ್ನು ಗೆದ್ದ ಖುಷಿಯಲ್ಲಿ ಕೇಳಿರಲಿಲ್ಲ.

ಹದಿನೆಂಟನೆಯ ದಿನ ಗೋಡೆಯಂಚಿನ ಮಣ್ಣಿನ ಒಂಬತ್ತೂ ಗಿಡ ಅಂಗೈ ಬಿಚ್ಚಿ ನಿಂತಿದ್ದವು. ರಾಶಿಯ ಗೊಬ್ಬರದ್ದು ಒಂಬತ್ತೂ ಮುದುಡಿದ್ದವು.

"ಯಾರಿಗೆ ಹೇಳ್ಬೇಕು ಇದನ್ನ?" ಎಂದಳು ತಂಗಿ, ದನಿ ತಗ್ಗಿಸಿ. "ರೋಗ ಬಂತು, ಹೋಯ್ತು ಅಂತ ಎಲ್ರೂ ಮರೆತಿದ್ದಾರೆ. ಆ ರಾಶೀನ ಸದ್ದಿಲ್ದೆ ಸಾಗಿಸಿಬಿಡು. ಹನ್ನೊಂದು ವರ್ಷ ಗೇದಿದ್ದೀಯ. ಈಗ್ಹೋಗಿ ನಿನ್ನ ಕೈಯಾರೆ ತಲೆ ಮೇಲೆ ಮಣ್ಣು ಹಾಕ್ಕೋತೀಯಾ?"

"ಟೈಲರ್ ಅಣ್ಣ ಮರೆತಿದ್ದಾರಾ?"

ತಂಗಿ ಒಲೆಯ ಕಡೆ ತಿರುಗಿದಳು.

ಮರುದಿನ ಬೆಳಿಗ್ಗೆ ಅವಳು ಹೋದಾಗ ಅವನು ಮುಂದಿನ ಕೋಣೆಯಲ್ಲಿ ಮಿಷನ್ನಿನ ಮುಂದೆ ಕೂತು ಕೋಟಿನ ತೋಳಿಗೆ ಒಳಗಿನ ಅಸ್ತರು ಹೊಲಿಯುತ್ತಿದ್ದ. ಗಾಲಿಕುರ್ಚಿ ಮಡಚಿ ಗೋಡೆಗೆ ಒರಗಿತ್ತು. ಅವಳು ಕೂರಲಿಲ್ಲ. ಹುಲ್ಲು, ಸಗಣಿ, ರಾಶಿ, ಕುಂಡ, ಎಲ್ಲವನ್ನೂ ನಿಂತಲ್ಲೇ ಹೇಳಿದಳು. ಮೊದಲೇ ಕೈ ತೊಳೆಯಲು ಹೇಳಿದ್ದೆ ಎಂದದ್ದೂ ಸುಳ್ಳು ಎಂದಳು. ಅವನು ಮಿಷನ್ನು ನಿಲ್ಲಿಸಿದ.

"ಅಂದ್ರೆ, ನನ್ನ ಕೈಯಿಂದ ಅಲ್ಲ."

"ಅಲ್ಲ ಅಣ್ಣಾ."

"ನಾನು ನಂಬಿದ್ದೆ ಅಕ್ಕ. ಮಣ್ಣಿನ ವಿಚಾರದಲ್ಲಿ ನೀವು ಹೇಳಿದ್ ಮೇಲೆ ಮುಗೀತಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. "ಹಿಂದೆ ಯಾವಾಗ್ಲೋ ಹೇಳಿದ್ರೇನೋ, ನಾನೇ ಮರೆತೆ ಅಂತ್ಲೂ ಅಂದ್ಕೊಂಡೆ. ಸಿಗರೇಟು ಅವತ್ತೇ ಬಿಟ್ಟೆ. ದಿನಕ್ಕೆ ಹತ್ತು ಸಲ ಕೈ ತೊಳೀತಿದ್ದೆ. ಇವಳು ದಿನಾ ಸಂಜೆ ಕೇಳೋಳು, ತೋಟಕ್ಕೆ ಕರ್ಕೊಂಡ್ ಹೋಗಿ ಅಂತ. ಬಿಸಿಲು ಅಂದೆ. ಚಕ್ರ ಸರಿಯಿಲ್ಲ ಅಂದೆ. ನಾನು ಹೋಗಿ ಮತ್ತೆ ಯಾರದೋ ಗಿಡ ಹಾಳಾದ್ರೆ ಅಂತ ಭಯ. ಸುಳ್ಳು ಅಂತ ಅವಳಿಗೂ ಗೊತ್ತಿತ್ತು. ಕೊನೇ ವಾರ ಕೇಳೋದನ್ನ ಬಿಟ್ಟಳು."

ಗೊಬ್ಬರದಕ್ಕ ಮಡಚಿದ ಗಾಲಿಕುರ್ಚಿಯ ಕಡೆ ನೋಡಿದಳು. "ಎಲ್ಲರ ಮುಂದೆ ಹೇಳ್ತೀನಿ ಅಣ್ಣಾ. ಈ ಭಾನುವಾರಾನೇ."

"ಹೇಳಿ. ಹೇಳ್ಲೇಬೇಕು." ಅವನು ಸೂಜಿಗೆ ದಾರ ಪೋಣಿಸತೊಡಗಿದ. ಎರಡು ಸಲ ತಪ್ಪಿತು. "ನನ್ನನ್ನ ಮಾತ್ರ ಕರೀಬೇಡಿ."

ಭಾನುವಾರ ಅವಳು ಆರೂ ಕುಂಡ ಹೊತ್ತುಕೊಂಡು ಹೋಗಿ ಗೋಡೆಯ ಮೇಲಿಟ್ಟು, ಒಂದೂ ಬಿಡದೆ ಹೇಳಿದಳು. ತಾನು ಕೇಳದೆ ಸಗಣಿ ತಂದದ್ದು, ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿದ್ದು, ತನ್ನ ಹೆಸರು ಉಳಿಸಿಕೊಳ್ಳಲು ಒಬ್ಬ ಮುದುಕನ ಕೈ ತೋರಿಸಿದ್ದು. ಯಾರೂ ಬೈಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನ ಕೈಯನ್ನು ಅಂದು ದಿಟ್ಟಿಸಿದವರಲ್ಲಿ ತಾವೂ ಇದ್ದೆವು ಎಂಬುದು ಅವರಿಗೂ ನೆನಪಾಗಿರಬೇಕು. ಮೆಕ್ಯಾನಿಕ್ ಮಾತ್ರ ಕುಂಡಗಳ ಹತ್ತಿರ ಬಂದು ಹೇಳಿದ:

"ನನ್ನ ಚೀಲದೊಳಗೆ ಏನಿದೆ ಅಂತ ಚೀಲದ ಮೇಲೆ ಬರೆದಿರತ್ತೆ ಅಕ್ಕಾ. ನಿಮ್ಮ ರಾಶಿಯೊಳಗೆ ಏನಿದೆ ಅಂತ ನಿಮಗೇ ಗೊತ್ತಿರ್ಲಿಲ್ಲ."

ಹತ್ತು ವರ್ಷ ಅವನಿಗೆ ಮಾತಿಗೆ ಮಾತು ಕೊಟ್ಟವಳು ಅಂದು ಕುಂಡಗಳನ್ನು ಒಂದೊಂದಾಗಿ ಗೋಡೆಯಿಂದ ಇಳಿಸಿದಳು. ಮುಂದಿನ ವಾರ ಅವನ ಪಾಲಿಗೆ ಚೀಲಗಳು ಬಂದವು. ಐದು ಮನೆಯವರು ಕೀಲಿಕೈ ಹಿಂದಿರುಗಿಸಿದರು. ಉಳಿದವರು ಜೋಳ, ಈರುಳ್ಳಿ ಹಾಕಿಕೊಂಡರು. ಹೊಸ ಗೊಬ್ಬರದ ಬಗ್ಗೆ ಅವಳನ್ನು ಯಾರೂ ಏನೂ ಕೇಳಲಿಲ್ಲ.

ಆ ಮಣ್ಣಿಗೆ ಔಷಧಿಯೆಂದು ಬೇರೇನಿಲ್ಲ. ಗೊಬ್ಬರ ಯಾರಿಗೂ ಕೊಡುವ ಹಾಗಿಲ್ಲ. ಮೇಲಿನ ಪದರ ಕೆರೆದು ಹಳಿಯ ಬದಿಯ ಹುಲ್ಲುನೆಲಕ್ಕೆ ತೆಳ್ಳಗೆ ಹರವಬೇಕು. ಉಳಿದದ್ದನ್ನು ಮತ್ತೆ ಮತ್ತೆ ಅಗೆದು ಮಗುಚಿ, ಗಾಳಿಯಾಡಿಸಿ, ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಗಳು ಅದನ್ನು ತಿಂದು ಮುಗಿಸುವವರೆಗೆ ಕಾಯಬೇಕು. ಗೊಬ್ಬರದಕ್ಕ ದಿನಕ್ಕೊಂದು ಮಡಿಯಂತೆ ಅಗೆಯುತ್ತ ಬಂದಳು. ತನ್ನದಾದ ಮೇಲೆ ಬಿಟ್ಟುಹೋದವರದ್ದು. ಮೊಣಕಾಲು ಬಾತುಕೊಂಡಿತು. ತಂಗಿ ಗೊಣಗುತ್ತ ಗೊಣಗುತ್ತ ಒಂದು ದಿನ ತಾನೂ ಗುದ್ದಲಿ ಹಿಡಿದು ಬಂದಳು.

ಎಲೆ ಉದುರುವ ಹೊತ್ತಿಗೆ ಅವಳು ಟೈಲರ್ ಅಣ್ಣನ ಪಾಲಿಗೆ ಇಳಿದಿದ್ದಳು. ಒಂದು ಮಧ್ಯಾಹ್ನ ತಲೆಯೆತ್ತಿದರೆ ಬೇಲಿಯಾಚೆ ಅವನು ನಿಂತಿದ್ದ. ಹೊಲಿದ ಬಟ್ಟೆಯ ಗಂಟು ಕಂಕುಳಲ್ಲಿತ್ತು, ಯಾರಿಗೋ ಕೊಡಲು ಹೊರಟಿದ್ದನೇನೋ. ಬರಿದಾದ ಮಡಿಗಳನ್ನೂ ಅವಳನ್ನೂ ನೋಡಿದ.

"ಇದು ಸರಿಹೋಗೋಕೆ ಎಷ್ಟು ದಿನ ಬೇಕಾಗತ್ತೆ ಅಕ್ಕ?"

"ಎರಡು ವರ್ಷ ಅಣ್ಣಾ. ಮೂರೂ ಆಗ್ಬಹುದು. ನನಗೆ ಸರಿಯಾಗಿ ಗೊತ್ತಿಲ್ಲ."

ಅವನು ಬೆರಳು ಮಡಚಿ ಲೆಕ್ಕ ಹಾಕಿದ. "ನನಗೀಗ ಎಪ್ಪತ್ತಮೂರು," ಎಂದ.

ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, ಗೋಡೆಯ ಬದಿಯ ದಾರಿ ಹಿಡಿದು ನಿಧಾನಕ್ಕೆ ನಡೆದುಹೋದ. ಅವನು ತಿರುವು ದಾಟುವವರೆಗೂ ಗೊಬ್ಬರದಕ್ಕ ಗುದ್ದಲಿಯ ಕಾವಿಗೆ ಗಲ್ಲವೂರಿ ನಿಂತಿದ್ದಳು. ಆಮೇಲೆ ಸೆರಗು ಬಿಗಿದುಕೊಂಡು, ಅಗೆಯಲು ಉಳಿದಿದ್ದ ಕಡೆಗೆ ತಿರುಗಿದಳು.