ಹೆಗಲು ಕೊಟ್ಟವರು

"ಬಲಗಡೆ ಮುಂದಿನ ಹಿಡಿ ನನ್ನದು," ಎನ್ನುತ್ತಾ ಮೀಸೆ ಸಾಹೇಬರು ಶವಪೆಟ್ಟಿಗೆಗೆ ಕೈ ಹಾಕಿದರು.

"ನಾನು ಆಗ್ಲೇ ಹಿಡ್ಕೊಂಡಾಯ್ತು," ಎಂದು ಕನ್ನಡಕದ ಸಾಹೇಬರು ಅದೇ ಹಿಡಿಯ ಇನ್ನೊಂದು ತುದಿಯನ್ನು ಬಿಡದೆ ನಿಂತರು.

ಪೆಟ್ಟಿಗೆಯೊಳಗೆ ಮಲಗಿದ್ದವಳು ಇಸ್ತ್ರಿ ಅಂಗಡಿಯ ಅಕ್ಕ. ಬದುಕಿದ್ದಷ್ಟು ದಿನ ಇಡೀ ಬೀದಿಯ ಬಟ್ಟೆಗಂಟನ್ನು ಒಬ್ಬಳೇ ಹೊತ್ತು ನಡೆದವಳು. ಇವತ್ತು ಅವಳನ್ನು ಹೊರುವುದಕ್ಕೆ ದೇಶದ ಎರಡು ದೊಡ್ಡ ಪಕ್ಷಗಳ ಮುಖಂಡರು ಕಿತ್ತಾಡುತ್ತಿದ್ದರು. ಅವಳ ಮುಖ ಹೇಗಿತ್ತು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ.

ಪೆಟ್ಟಿಗೆಯ ಹಿಂಬದಿಯಲ್ಲಿ ನಿಂತಿದ್ದ ಅವಳ ತಮ್ಮನ ಬಲಗಾಲು ತಾನಾಗಿ ನೆಲವನ್ನು ಒತ್ತತೊಡಗಿತು. ಅವನು ಡ್ರೈವಿಂಗ್ ಶಾಲೆ ನಡೆಸುವವನು. ಕಲಿಯುವವರ ಪಕ್ಕದಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕನ್ನು ಒತ್ತಿ ಒತ್ತಿ, ಎಲ್ಲಿ ಅಪಾಯ ಕಂಡರೂ ಕಾಲು ಅದನ್ನೇ ಹುಡುಕುತ್ತಿತ್ತು. ಊರವರು ಅವನನ್ನು ಬ್ರೇಕ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹೋದ ವಾರದಿಂದ ಇಡೀ ದೇಶ ಹಾಗೆಯೇ ಕರೆಯುತ್ತಿತ್ತು. ಚುನಾವಣೆಯಲ್ಲಿ ಎರಡು ಪಕ್ಷಗಳಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮಸಮ ಸೀಟು ಬಂದು, ಯಾವ ಪಕ್ಷಕ್ಕೂ ಸೇರದೆ ಗೆದ್ದವನು ಇವನೊಬ್ಬನೇ ಆಗಿಬಿಟ್ಟಿದ್ದ. ಇವನು ಯಾವ ಕಡೆ ವಾಲುತ್ತಾನೋ ಸರಕಾರ ಆ ಕಡೆಯದು. ಮೂರು ದಿನ ಗೆಳೆಯನ ಗ್ಯಾರೇಜಿನಲ್ಲಿ, ಚಕ್ರವಿಲ್ಲದ ಕಾರಿನ ಹಿಂದಿನ ಸೀಟಿನಲ್ಲಿ ಅಡಗಿದ್ದವನನ್ನು ಅಕ್ಕನ ಸಾವು ಹೊರಗೆಳೆದಿತ್ತು.

"ಮಾವ, ಏನಾದ್ರೂ ಹೇಳಿ. ಎಳೆದಾಡಿ ಅಮ್ಮನ್ನ ಬೀಳಿಸಿಬಿಡ್ತಾರೆ," ಎಂದು ಅಕ್ಕನ ಮಗಳು ಪಿಸುಗುಟ್ಟಿದಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡ. "ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ ಬನ್ನಿ ಸಾರ್."

"ಎಡಕ್ಕಾ?" ಕನ್ನಡಕದವರು ಟೀವಿ ಕ್ಯಾಮೆರಾಗಳ ಕಡೆ ನೋಡಿದರು. "ನಾನು ಎಡಕ್ಕೆ ವಾಲಿದೆ ಅಂತ ಸಂಜೆಯೊಳಗೆ ಸುದ್ದಿ ಮಾಡ್ತಾರೆ ಕಣ್ರೀ."

"ಪೆಟ್ಟಿಗೆ ತಿರುಗಿಸಿದ್ರೆ ಎಡಾನೇ ಬಲ ಆಗುತ್ತೆ ಸಾರ್. ಮೊದ್ಲು ಎತ್ತಿ," ಎಂದಳು ಅಕ್ಕನ ಮಗಳು. ತಾಯಿಯ ನಾಲಗೆ ಮಗಳಿಗೂ ಬಂದಿತ್ತು.

ಎತ್ತಿದರು. ಮುಂದೆ ಇಬ್ಬರು ಮುಖಂಡರು, ಹಿಂದೆ ಮೇಷ್ಟ್ರು ಮತ್ತು ಪಕ್ಕದಂಗಡಿಯ ದರ್ಜಿ. ಮೀಸೆಯವರು ತೆಂಗಿನ ಮರದಷ್ಟು ಎತ್ತರ, ಕನ್ನಡಕದವರು ಅವರ ಹೆಗಲಿಗೂ ಬಾರದವರು. ಪೆಟ್ಟಿಗೆ ಒಂದು ಕಡೆಗೆ ಓರೆಯಾಯಿತು.

"ಯಾವತ್ತೂ ಒಂದು ಕಡೆ ವಾಲಿದವಳಲ್ಲ ನಮ್ಮಕ್ಕ," ಎಂದು ದರ್ಜಿ ನಿಟ್ಟುಸಿರಿಟ್ಟ. "ನಾನು ವಕ್ರವಾಗಿ ಹೊಲಿದ ಪ್ಯಾಂಟನ್ನೂ ಇಸ್ತ್ರಿ ಮಾಡಿ ನೆಟ್ಟಗೆ ಕಾಣೋ ಹಾಗೆ ಮಾಡ್ತಿದ್ಳು. ಇನ್ಮೇಲೆ ನನ್ನ ಬಂಡವಾಳ ಬಯಲಾಗುತ್ತೆ."

* * *

ಅಪ್ಪ ಅಮ್ಮ ಹೋದಾಗ ತಮ್ಮನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಕ್ಕ ಶಾಲೆ ಬಿಟ್ಟು ಇಸ್ತ್ರಿಪೆಟ್ಟಿಗೆ ಹಿಡಿದಳು. ಅದರಿಂದಲೇ ಅವನನ್ನು ಓದಿಸಿದಳು, ಮದುವೆಯಾದಳು, ಮಗಳನ್ನು ಹೆತ್ತಳು, ಗಂಡನನ್ನು ಕಳೆದುಕೊಂಡಳು, ತಮ್ಮನಿಗೆ ಮೊದಲ ಹಳೇ ಕಾರು ಕೊಡಿಸಿದಳು. ಇಷ್ಟೆಲ್ಲದರ ನಡುವೆ ಅವಳು ಮನಸಾರೆ ದ್ವೇಷಿಸಿದ್ದು ಒಂದೇ ಒಂದನ್ನು: ಬೀದಿಯ ಕೊನೆಯ ರೈಲ್ವೆ ಗೇಟನ್ನು.

ಅಂಗಡಿ ಹಳಿಯ ಈಚೆ. ಬಟ್ಟೆ ಕೊಡುವ ದೊಡ್ಡ ಮನೆಗಳು, ಕಚೇರಿ, ಆಸ್ಪತ್ರೆ, ಕೊನೆಗೆ ಸ್ಮಶಾನವೂ ಆಚೆ. ಗೂಡ್ಸು ಗಾಡಿಗಳು ಬಂದು ಅಲ್ಲೇ ತೂಕಡಿಸುತ್ತಿದ್ದವು. ಒಮ್ಮೆ ಮದುಮಗನೊಬ್ಬನ ಸೂಟು ಅಕ್ಕನ ಕೈಯಲ್ಲಿ ಗೇಟಿನ ಈಚೆ ಸಿಕ್ಕಿಕೊಂಡು, ಅವನು ಮಾವನ ಸೂಟು ತೊಟ್ಟು ಮದುವೆಯಾಗಬೇಕಾಯಿತು. ಮದುವೆಯ ಫೋಟೋದಲ್ಲಿ ಅವನ ಬೆರಳುಗಳೇ ಕಾಣುವುದಿಲ್ಲ. ಪ್ರತಿ ಚುನಾವಣೆಗೂ ಯಾರೋ ಒಬ್ಬರು ಬಂದು ಮೇಲುಸೇತುವೆಗೆ ಅಡಿಗಲ್ಲು ಹಾಕಿ ಹೋಗುತ್ತಿದ್ದರು. ಆ ಕಲ್ಲುಗಳನ್ನೇ ಒಂದರ ಮೇಲೊಂದು ಪೇರಿಸಿದ್ದರೆ ಅರ್ಧ ಸೇತುವೆ ಆಗಿರುತ್ತಿತ್ತು.

"ಈ ಸಲ ನೀನು ನಿಂತ್ಕೋ," ಎಂದಳು ಅಕ್ಕ ಒಂದು ಬೆಳಿಗ್ಗೆ, ಕಾಲರಿನ ಮೇಲೆ ಇಸ್ತ್ರಿ ಎಳೆಯುತ್ತಾ.

"ಎಲ್ಲಿ?"

"ಚುನಾವಣೇಲಿ ಕಣೋ, ಇನ್ನೆಲ್ಲಿ?"

"ನಾಲ್ಕು ಜನರ ಮುಂದೆ ಮಾತಾಡೋಕೆ ಬರಲ್ಲ ನಂಗೆ."

"ನಿನ್ನ ಹತ್ರ ಕಾರು ಕಲಿತೋರೆಲ್ಲ ನಿನ್ನ ಕಾಲಿನ ದಯೆಯಿಂದ ಬದುಕಿರೋರು. ತಲೆಗೊಂದು ವೋಟು ಹಾಕ್ಲಿ. ಇಷ್ಟು ವರ್ಷ ಊರೋರ ಗಾಡಿನೆಲ್ಲ ನಿಲ್ಲಿಸಿದೀಯ. ಒಂದ್ಸಲ ನೀನೇ ನಿಂತ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ?"

ಅಕ್ಕನ ಮಾತಿಗೆ ಇಲ್ಲ ಎಂದು ಅವನಿಗೆ ಅಭ್ಯಾಸವಿರಲಿಲ್ಲ. ಪ್ರಚಾರವೆಲ್ಲ ಅಂಗಡಿಯಲ್ಲೇ ನಡೆಯಿತು. ಬಟ್ಟೆ ಒಯ್ಯಲು ಬಂದವರಿಗೆಲ್ಲ ಅಕ್ಕ ನಗುತ್ತಲೇ ಹೇಳುತ್ತಿದ್ದಳು: "ನನ್ನ ತಮ್ಮ ಸೋತ್ರೆ ನನಗೆ ಕೈನಡುಕ ಶುರುವಾಗುತ್ತೆ. ಆಮೇಲೆ ರೇಷ್ಮೆ ಸುಟ್ಟುಹೋದ್ರೆ ನನ್ನ ಕೇಳ್ಬೇಡಿ."

* * *

ಮೆರವಣಿಗೆ ಗೇಟಿನ ಹತ್ತಿರ ಬರುವಷ್ಟರಲ್ಲಿ ಗೇಟು ಬಿತ್ತು.

"ಗೂಡ್ಸು ಬರ್ತಿದೆ," ಎಂದ ಗೇಟು ಕಾಯುವ ತಾತ.

"ಎಷ್ಟೊತ್ತಿಗೆ?" ಕೇಳಿದರು ಮೀಸೆಯವರು.

"ಬಂದಾಗ."

"ಪೆಟ್ಟಿಗೆ ಹೊತ್ತಿರೋರು ಯಾರು ಗೊತ್ತೇನ್ರೀ?" ಎಂದು ಕನ್ನಡಕದವರು ಗುಡುಗಿದರು.

"ಹೊತ್ತಿರೋರು ಗೊತ್ತಿಲ್ಲ. ಒಳಗಿರೋಳು ಗೊತ್ತು," ಎಂದು ತಾತ ಟೋಪಿ ತೆಗೆದ. "ದಿನಾ ಇಲ್ಲಿ ನಿಂತು ನಂಗೆ ಬೈತಿದ್ಳು. ಇವತ್ತು ಬೈಯ್ಯಲ್ವಲ್ಲ ಅಂತಾನೇ ಸಂಕಟ."

ಬಿಸಿಲು ನೆತ್ತಿ ಸುಡುತ್ತಿತ್ತು. ಪೆಟ್ಟಿಗೆಯನ್ನು ಕೆಳಗಿಳಿಸಿ ಎಂದು ದರ್ಜಿ ಎರಡು ಸಲ ಹೇಳಿದ. ಆದರೆ ಮುಂದಿನವರಿಬ್ಬರೂ ಕದಲಲಿಲ್ಲ. ಕ್ಯಾಮೆರಾಗಳು ಕಣ್ಣು ಪಿಳುಕಿಸದೆ ನೋಡುತ್ತಿದ್ದವು. ಮೊದಲು ಹೆಗಲು ತೆಗೆದವರು ಸೋತಂತೆ. ಮೀಸೆಯವರ ಮೀಸೆ ಬೆವರಿಗೆ ಜೋತುಬಿತ್ತು. ಕನ್ನಡಕದವರ ಕನ್ನಡಕ ಮೂಗಿನ ತುದಿಗೆ ಜಾರಿ, ಮೇಲೇರಿಸಲು ಕೈ ಖಾಲಿ ಇಲ್ಲದೆ, ಅವರು ಅದನ್ನು ಮೂಗು ಸೊಟ್ಟ ಮಾಡಿ ಹಿಡಿದುಕೊಂಡಿದ್ದರು.

ಬಹಳ ಹೊತ್ತಿನ ಮೇಲೆ ಮೀಸೆಯವರು ತುಟಿ ಅಲುಗದಂತೆ ಅಂದರು: "ಒಟ್ಟಿಗೆ ಇಳಿಸೋಣ್ವಾ?"

"ಒಟ್ಟಿಗೇನಾ?"

"ಒಟ್ಟಿಗೇ. ನನ್ನಾಣೆ."

"ನಿಮ್ಮಾಣೆ ಬೇಡ. ಮೂರು ಎಣಿಸಿ."

ಮೂರು ಎಣಿಸಿದರು, ಇಳಿಸಿದರು. ರಾಜಕೀಯಕ್ಕೆ ಬಂದ ಮೇಲೆ ಅವರಿಬ್ಬರೂ ಒಪ್ಪಿಕೊಂಡ ಮೊದಲನೆಯ ವಿಷಯ ಅದು. ತಾತನ ಕೋಣೆಯ ನೆರಳಿನಲ್ಲಿ ಒಂದೇ ಒಂದು ಬೆಂಚಿತ್ತು. ಇಬ್ಬರೂ ಅದರ ಮೇಲೆ ಕೂತು, ಒಂದೇ ಬಾಟಲಿಯಿಂದ ನೀರು ಕುಡಿದರು.

ಮೇಷ್ಟ್ರು ಅಕ್ಕನ ಪಕ್ಕದಲ್ಲೇ, ಒಂದು ಅಡಿಗಲ್ಲಿನ ಮೇಲೆ ಕೂತ.

* * *

ಅಕ್ಕನನ್ನು ಆಸ್ಪತ್ರೆಗೆ ಒಯ್ದ ದಿನ ಗೇಟು ತೆರೆದೇ ಇತ್ತು. ಆಂಬುಲೆನ್ಸು ಎಲ್ಲೂ ನಿಲ್ಲದೆ ಹಳಿ ದಾಟಿದಾಗ, ಉಸಿರಿಗೆ ಒದ್ದಾಡುತ್ತಿದ್ದ ಅಕ್ಕ ಕತ್ತೆತ್ತಿ ನೋಡಿದ್ದಳು. "ಗೇಟು ತೆಗ್ದಿದಾರಲ್ಲೋ! ನಾನು ಉಳಿಯೋ ಹಾಗೆ ಕಾಣಲ್ಲ."

ಮರುದಿನ ಫಲಿತಾಂಶ ಬಂತು. ಅವನ ಫೋನು ಹಾಸಿಗೆಯ ಪಕ್ಕದಲ್ಲಿ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಒಬ್ಬರು ಸಾರಿಗೆ ಮಂತ್ರಿಗಿರಿ ಎಂದರು, ಇನ್ನೊಬ್ಬರು ಬೇಕಾದ ಖಾತೆ ಎಂದರು. ಸೇತುವೆ ಎಂದು ಇವನು ಬಾಯಿ ತೆರೆಯುವ ಮೊದಲೇ ಇಬ್ಬರೂ "ಆಯ್ತು" ಎಂದರು.

"ಯಾರ ಕಡೆ ಹೋಗ್ಲಿ ಅಕ್ಕ?"

"ಎರಡೂ ಕಡೆಯೋರ ಕೋಟು ನನ್ನ ಮೇಜಿನ ಮೇಲೆ ಬಂದಿದೆ," ಎಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ. "ಹೊರಗಡೆ ಬಣ್ಣ ಬೇರೆ. ಒಳಗಡೆ ಅಸ್ತರಿ ಇಬ್ಬರದೂ ಹರಿದಿರುತ್ತೆ."

"ಹಾಗಾದ್ರೆ ಏನ್ ಮಾಡ್ಲಿ?"

ಅವಳು ಕಣ್ಣು ತೆರೆದಳು. ಅವನ ಅಂಗಿಯ ತೋಳನ್ನು ಬೆರಳಿನಿಂದ ಉಜ್ಜಿ, "ಏನೋ ಇದು, ದನ ಅಗಿದು ಉಗುಳಿದ ಹಾಗಿದೆ. ಎಂಪಿ ಆಗಿದೀಯ," ಎಂದಳು. ಅವಳು ಅವನೊಂದಿಗೆ ಆಡಿದ ಕೊನೆಯ ಮಾತು ಅದು; ಎರಡೂ ಪಕ್ಷದವರು ಆಸ್ಪತ್ರೆಯ ಬಾಗಿಲಿಗೇ ಬಂದಾಗ ಅವನು ಹಿಂದಿನ ಮೆಟ್ಟಿಲಿಳಿದು ಗ್ಯಾರೇಜಿಗೆ ಓಡಿದ್ದ.

* * *

ಗೂಡ್ಸು ಬಂತು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವುದೇ ಇಲ್ಲವೇನೋ ಎಂಬಂತೆ. ಆ ಸದ್ದಿನಲ್ಲಿ ಬೆಂಚಿನ ಮೇಲಿನವರ ಮಾತು ಯಾರಿಗೂ ಕೇಳಿಸಲಿಲ್ಲ, ಬಾಯಿ ಆಡುವುದಷ್ಟೇ ಕಂಡಿತು. ಮೊದಲು ಮೀಸೆಯವರು ಬೆರಳು ತೋರಿಸಿ ಏನೋ ಅಂದರು. ಕನ್ನಡಕದವರು ತಲೆ ಅಲ್ಲಾಡಿಸಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನಕ್ಕರು. ಮೀಸೆಯವರು ಅವರ ತೊಡೆ ತಟ್ಟಿದರು. ಮೇಷ್ಟ್ರ ಬಲಗಾಲು ಅಡಿಗಲ್ಲಿನ ಬುಡವನ್ನು ಜೋರಾಗಿ ಒತ್ತಿತು. ಪ್ರಯೋಜನವಾಗಲಿಲ್ಲ.

ಕೊನೆಯ ಡಬ್ಬಿ ದಾಟಿದಾಗ ಇಬ್ಬರೂ ಎದ್ದು ಬಂದರು.

"ಮೇಷ್ಟ್ರೇ, ನಿಮ್ಮ ಅಕ್ಕ ಮಹಾತಾಯಿ," ಎಂದರು ಮೀಸೆಯವರು ಕಣ್ಣೊರೆಸಿಕೊಳ್ಳುತ್ತಾ. "ಹಾವು ಮುಂಗುಸಿ ಥರ ಇದ್ದ ನಮ್ಮನ್ನ ಒಂದು ಮಾಡಿದ್ರು."

"ದೇಶದ ಹಿತದೃಷ್ಟಿಯಿಂದ ನಾವಿಬ್ಬರೇ ಕೂಡಿ ಸರಕಾರ ಮಾಡ್ತಿದೀವಿ," ಎಂದರು ಕನ್ನಡಕದವರು. "ಅರ್ಧ ಅವಧಿ ಅವರು, ಅರ್ಧ ಅವಧಿ ನಾನು. ಇವತ್ತೇ ಸಂಜೆ ಇಬ್ಬರೂ ಹೋಗಿ ರಾಷ್ಟ್ರಪತಿಗಳನ್ನ ನೋಡ್ತೀವಿ."

"ಹಾಗಾದ್ರೆ ನಾನು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನೀವು ಸದನದಲ್ಲಿ ಇರ್ತೀರಲ್ಲ. ಒಳ್ಳೇ ಜಾಗ ಕೊಡಿಸ್ತೀವಿ. ಕಿಟಕಿ ಪಕ್ಕ."

"ಸೇತುವೆ?"

"ಯಾವ ಸೇತುವೆ?"

ಗೇಟು ಎದ್ದಿತು. ಆದರೆ ಈಗ ಮುಂದಿನ ಹಿಡಿಗಳಿಗೆ ಯಾರೂ ಬರಲಿಲ್ಲ. ಮುಖಂಡರು ಫೋನು ಕಿವಿಗಿಟ್ಟುಕೊಂಡು ಹಿಂದೆ ಉಳಿದಿದ್ದರು, ಕ್ಯಾಮೆರಾಗಳೂ ಅವರ ಕಡೆ ತಿರುಗಿದ್ದವು. ಅಕ್ಕನ ಮಗಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಲಗಡೆಯ ಹಿಡಿ ಹಿಡಿದಳು. ಎಡಗಡೆಗೆ ಗೇಟಿನ ತಾತನೇ ಬಂದ. ಪೆಟ್ಟಿಗೆ ಸಮನಾಗಿ ಎದ್ದಿತು.

"ಡ್ಯೂಟಿ ಬಿಟ್ಟು ಬರ್ತೀಯಲ್ಲ ತಾತ, ರೈಲು ಬಂದ್ರೆ?" ಎಂದ ದರ್ಜಿ.

"ನಿಂತಿರುತ್ತೆ. ಜನ ನಿಂತಿಲ್ವಾ ಇಷ್ಟು ವರ್ಷ?"

ಮಣ್ಣು ಮಾಡುವಾಗ ಕೊನೆಯವರೆಗೆ ನಿಂತವರು ಬೀದಿಯವರಷ್ಟೇ. ಮುಖಂಡರಿಬ್ಬರೂ ಬಂದು ತಲಾ ಒಂದು ಹಿಡಿ ಮಣ್ಣು ಹಾಕಿ ಹೋದರು. ಮೇಷ್ಟ್ರಿಗೆ ಅಳು ಬರಲಿಲ್ಲ. ಅಕ್ಕ ಅಷ್ಟು ಕಾಲ ಕಾದ ಒಂದೇ ಒಂದು ವಸ್ತು ಅವನ ಕೈಗೆ ಬಂದು, ಒಂದು ಗೂಡ್ಸು ಗಾಡಿ ದಾಟುವಷ್ಟರಲ್ಲಿ ಜಾರಿಹೋಗಿತ್ತು. ನಾಚಿಕೆಯಿಂದ ಅವನು ಗುಂಡಿಯ ಪಕ್ಕ ಬಿಟ್ಟು ಕದಲಲಿಲ್ಲ. "ಬಾ ಮಾವ," ಎಂದು ಅಕ್ಕನ ಮಗಳು ಕೈ ಹಿಡಿದು ಎಳೆಯಬೇಕಾಯಿತು.

ಅವರು ಮನೆಗೆ ಬಂದು, ಅಂಗಡಿಯ ಬಾಗಿಲು ತೆಗೆದು ಕೂತು ಸ್ವಲ್ಪ ಹೊತ್ತಾಗಿರಬಹುದು. ಬಾಗಿಲಲ್ಲಿ ಎರಡು ನೆರಳು ಬಿದ್ದವು, ಒಂದು ಉದ್ದ, ಒಂದು ಗಿಡ್ಡ. ಫೋನು ಮುಗಿಸಿ ತಡವಾಗಿ ಕಾರು ಹತ್ತಲು ಈಚೆಗೆ ಬಂದ ಮುಖಂಡರ ಬೆನ್ನ ಹಿಂದೆಯೇ, ಡ್ಯೂಟಿಗೆ ಮರಳಿದ್ದ ತಾತ ಗೇಟನ್ನು ಮತ್ತೆ ಇಳಿಸಿದ್ದ. ಕಾರುಗಳು ಈಚೆ ಸಿಕ್ಕಿಕೊಂಡಿದ್ದವು, ರಾಜಧಾನಿಯ ದಾರಿ ಆಚೆ ಇತ್ತು. ಅಷ್ಟಾಗಿದ್ದರೆ ಚಿಂತೆಯಿರಲಿಲ್ಲ. ಪೆಟ್ಟಿಗೆಯ ಭಾರಕ್ಕೆ, ಬೆವರಿಗೆ, ಬೆಂಚಿಗೆ ಸಿಕ್ಕಿ ಇಬ್ಬರ ಕೋಟೂ ನೆಲ ಒರೆಸಿ ಹಿಂಡಿದ ಬಟ್ಟೆಯಂತಾಗಿದ್ದವು.

"ಹೀಗೇ ಹೋದ್ರೆ ಸರಕಾರ ಮಾಡೋಕೆ ಬಂದೋರು ಅಂದ್ರೂ ಒಳಗೇ ಬಿಡಲ್ಲ," ಎಂದರು ಮೀಸೆಯವರು. "ಸ್ವಲ್ಪ ಇಸ್ತ್ರಿ ಮಾಡ್ಕೊಡ್ತೀರಾ? ಇವತ್ತಿನ ದಿನ ಕೇಳಬಾರದು, ಆದ್ರೂ."

ಮೇಷ್ಟ್ರು ಕೈ ಚಾಚಿದ. ಕೋಟುಗಳು ಬಂದವು. ಅಕ್ಕನ ಮಗಳು ಅಂಗಿಗಳ ಕಡೆ ನೋಡಿ, "ಅವೂ ಕೊಡಿ. ಅದರ ಮೇಲೆ ಕೋಟು ಕೂರಲ್ಲ," ಎಂದಳು. ಅಂಗಿಗಳೂ ಬಂದವು. ಗಿರಾಕಿಗಳ ಬೆಂಚಿನ ಮೇಲೆ ಇಬ್ಬರೂ ಬನಿಯನ್ನಿನಲ್ಲಿ ಕೂತರು. ಮೀಸೆಯವರ ಬನಿಯನ್ನಿಗೆ ಕಂಕುಳಲ್ಲಿ ತೂತಿತ್ತು. ಕನ್ನಡಕದವರದು ತಿರುಗುಮುರುಗಾಗಿತ್ತು.

"ನನ್ನದು ಮೊದ್ಲು ಮಾಡಿ," ಎಂದರು ಮೀಸೆಯವರು. "ಮೊದಲ ಅರ್ಧ ನಾನೇ ತಾನೇ?"

"ಯಾರು ಹೇಳಿದ್ದು?" ಕನ್ನಡಕದವರು ಎದ್ದೇಬಿಟ್ಟರು. "ಅರ್ಧ ಅರ್ಧ ಅಂದಿದ್ದೇ ಹೊರತು ಮೊದಲು ಯಾರು ಅಂತ ಮಾತಾಗಿಲ್ಲ."

"ವಯಸ್ಸಿಗೆ ಮರ್ಯಾದೆ ಇಲ್ವೇನ್ರೀ?"

"ವಯಸ್ಸಾಗಿರೋರು ಕಾಯ್ಬೇಕು. ತಾಳ್ಮೆ ಜಾಸ್ತಿ ಇರುತ್ತೆ."

ರೇಗಿದ ದನಿಗಳಿಗೆ ಬೀದಿಯವರು ಬಾಗಿಲಲ್ಲಿ ಸೇರಿದರು. ಕೊನೆಗೆ ಇಬ್ಬರೂ ತಿರುಗಿ ಮೇಜಿನ ಹಿಂದೆ ನಿಂತಿದ್ದವನನ್ನು ನೋಡಿದರು. "ನೀವೇ ಹೇಳಿ ಮೇಷ್ಟ್ರೇ. ಯಾರದು ಮೊದ್ಲು?"

ಮೇಷ್ಟ್ರು ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ.

"ಯಾರು ಮೊದ್ಲು ಸೇತುವೆಗೆ ಹೂಂ ಅನ್ನಿಸ್ತಾರೋ ಅವರದು. ನನ್ನ ಹತ್ರ ಅಲ್ಲ ಸಾರ್. ರೈಲ್ವೆಯೋರ ಹತ್ರ, ಇಲ್ಲೇ, ಎಲ್ಲರ ಕಿವಿಗೂ ಕೇಳೋ ಹಾಗೆ. ನನಗೇನೂ ಅವಸರ ಇಲ್ಲ. ಗೇಟೂ ಬಿದ್ದಿದೆ."

ಇಬ್ಬರೂ ಒಂದೇ ಸಲ ಎದೆ ತಡಕಿಕೊಂಡರು. ಜೇಬುಗಳು ಮೇಜಿನ ಮೇಲಿದ್ದವು. ಅಕ್ಕನ ಮಗಳು ಕೋಟುಗಳಿಂದ ಫೋನು ತೆಗೆದು ಕೊಟ್ಟಳು. ಒಬ್ಬರು ಬಾಗಿಲಿನ ಈ ಕಡೆ, ಇನ್ನೊಬ್ಬರು ಆ ಕಡೆ ನಿಂತು, ಒಂದೇ ಅಧಿಕಾರಿಯ ಒಂದೇ ನಂಬರನ್ನು ಒಟ್ಟಿಗೇ ಒತ್ತಿದರು. ಇಬ್ಬರಿಗೂ ಎಂಗೇಜು.

ಅಕ್ಕನ ಮಗಳು ಎರಡೂ ಕೋಟುಗಳನ್ನು ಪಕ್ಕಪಕ್ಕ ಹಾಸಿ ನೀರು ಚಿಮುಕಿಸಿದಳು. ಮೇಷ್ಟ್ರು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ, ಅಕ್ಕ ಮಾಡುತ್ತಿದ್ದ ಹಾಗೆ ಕೆನ್ನೆಯ ಹತ್ತಿರ ಹಿಡಿದು ಬಿಸಿ ನೋಡಿದ. ಕೆನ್ನೆ ಒದ್ದೆಯಾಗಿತ್ತು. ಹೊರಗೆ ಬಾಗಿಲ ಎರಡು ಬದಿಗೆ, ಬನಿಯನ್ನಿನಲ್ಲಿ, ದೇಶದ ಹೊಸ ಸರಕಾರ ಕಿವಿಗೆ ಫೋನು ಒತ್ತಿಕೊಂಡು ಗೇಟಿನ ಕಡೆ ನೋಡುತ್ತಾ ನಿಂತಿತ್ತು.