ಮಾಸ್ತರರ ಕಂಪ್ಯೂಟರಿಗೆ ಕೈ ಹಾಕಿದವರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಸುಳ್ಯದಲ್ಲಿ ಹಳೆಯ ಕಂಪ್ಯೂಟರು ರಿಪೇರಿ ಮಾಡಿ ಬದುಕುವವನಿಗೆ ಅದು ಇರಬಾರದು, ಆದರೆ ಇದೆ, ಏನು ಮಾಡುವುದು! ಕಳೆದ ಅಕ್ಟೋಬರಿನಲ್ಲಿ ಆ ಸಿಟ್ಟಿನ ಭರದಲ್ಲಿ ಆಡಿದ ಒಂದು ಮಾತು ಮೀನಿನ ಮುಳ್ಳಿನ ಹಾಗೆ ಇನ್ನೂ ಗಂಟಲಲ್ಲಿದೆ.

ಕೊಲ್ಲಮೊಗ್ರಿನ ಚೆನ್ನಕೇಶವ ಮಾಸ್ತರರಿಗೆ ಸಕ್ಕರೆ ಕಾಯಿಲೆಯಿಂದ ಎರಡು ವರ್ಷದ ಹಿಂದೆ ಕಣ್ಣು ಹೋಯಿತು. ಆಮೇಲೆ ಪೇಪರು, ಪುಸ್ತಕ, ಬಂದ ಕಾಗದ ಎಲ್ಲವನ್ನೂ ಹೆಂಡತಿ ಹರಿಣಾಕ್ಷಕ್ಕ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದರು. ನಾನು ಅವರ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ, ಪರದೆಯಲ್ಲಿದ್ದುದನ್ನು ಅದೇ ಗಟ್ಟಿಯಾಗಿ ಓದುವಂತೆ ಮಾಡಿಕೊಟ್ಟೆ. ಒಂದೇ ತಿಂಗಳಲ್ಲಿ ಮಾಸ್ತರರು ಕೀಲಿಗಳನ್ನೆಲ್ಲ ಬೆರಳಿಗೆ ಕಲಿಸಿ ಒಬ್ಬರೇ ಪೇಪರು ಓದತೊಡಗಿದರು. "ನನ್ನ ಕಣ್ಣು ವಾಪಸ್ ಕೊಟ್ಟೆ ಮಾರಾಯ" ಎಂದು ಅತ್ತೇಬಿಟ್ಟರು.

ಅಷ್ಟಕ್ಕೆ ಸುಮ್ಮನಿರಬಾರದಿತ್ತೇ ನಾನು? ಇನ್ನಷ್ಟು ಚುರುಕಾಗಲಿ ಎಂದು ಮತ್ತೊಂದು ಮೆಮೊರಿ ಪಟ್ಟಿ ಸಿಕ್ಕಿಸಿದೆ. ಧ್ವನಿ ಬಿಕ್ಕತೊಡಗಿತು. ಒಂದು ಶಬ್ದಕ್ಕೂ ಇನ್ನೊಂದಕ್ಕೂ ನಡುವೆ ಒಂದು ವೀಳ್ಯ ಜಗಿದು ಮುಗಿಸಬಹುದು! ಮೂರು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಮೆಮೊರಿಯ ಯಾವ ಭಾಗವನ್ನು ವೇಗವಾಗಿ ಬಳಸಬಹುದು ಎಂದು ಆ ಹಳೆಯ ಬೋರ್ಡು ಮೊದಲೇ ಗುರುತು ಹಾಕಿಡುತ್ತದೆ. ಹೊಸತರ ಕೊನೆಯ ತುಂಡಿಗೆ ಗುರುತು ಹಾಕದೆ ಬಿಟ್ಟಿತ್ತು, ಲಿನಕ್ಸ್ ಹೋಗಿ ಸರಿಯಾಗಿ ಅಲ್ಲೇ ಕೂತಿತ್ತು. ಪಂಕ್ತಿಯ ಕೊನೆಯ ಎಲೆಗೆ ಬಡಿಸುವವನೇ ಬರದಿದ್ದರೆ ಊಟ ಸಾಗುವುದು ಹೇಗೆ? ಲಿನಕ್ಸ್ ಏಳುವ ಮೊದಲೇ ಬರುವ ಬಯೋಸ್ ಎಂಬ ನೀಲಿ ಪುಟದಲ್ಲಿ, ಆ ತುಂಡಿಗೂ ಗುರುತು ಬೀಳುವಂತೆ ಸೆಟ್ಟಿಂಗ್ ಬದಲಿಸಿದೆ. ಓದು ಸರಾಗವಾಯಿತು.

ವಾರವಾಗಲಿಲ್ಲ, ಮಾಸ್ತರರ ಫೋನು. "ಪುನಃ ಬಿಕ್ಕುತ್ತಾ ಉಂಟು." ಹೋಗಿ ನೋಡಿದರೆ ಸೆಟ್ಟಿಂಗ್ ನಾನು ಬದಲಿಸುವ ಮೊದಲಿನಂತೆಯೇ ಇದೆ. ಸರಿಮಾಡಿ ಬಂದೆ. ನಾಲ್ಕು ದಿನಕ್ಕೆ ಮತ್ತೆ ಅದೇ ರಾಮಾಯಣ. ಗುತ್ತಿಗಾರಿನ ದಾರಿಯಲ್ಲಿ ಬೈಕಿನ ಮೇಲೆ ಮಳೆಗೆ ನೆನೆದು ಚಂಡಿಯಾಗಿ ತಲುಪಿ, ನೀಲಿ ಪುಟದಲ್ಲಿ ಮತ್ತೆ ಹಳೆಯ ಸೆಟ್ಟಿಂಗನ್ನೇ ಕಂಡವನಿಗೆ ಆ ದಿನ ತಾಳ್ಮೆ ಎಲ್ಲಿಂದ ಬರಬೇಕು?

"ಮಾಷ್ಟ್ರೆ, ಇದು ತನ್ನಷ್ಟಕ್ಕೆ ಬದಲಾಗುದಲ್ಲ. ಯಾರೋ ಕೈ ಹಾಕ್ತಾ ಇದ್ದಾರೆ!"

ಆ ಮನೆಯಲ್ಲಿರುವುದು ಇಬ್ಬರೇ. ಮಾತು ಬಾಯಿಂದ ಜಾರಿದ ಮೇಲೆ ನನಗದು ಹೊಳೆಯಿತು.

ಮಾಸ್ತರರು ಬಾಗಿಲ ಕಡೆ ಮುಖ ತಿರುಗಿಸಿದರು. "ಹರಿಣಾಕ್ಷಿ, ನಾನೊಬ್ಬನೇ ಓದುದು ನಿಂಗೆ ಸಹಿಸುದಿಲ್ವಾ?"

ಬಾಗಿಲಲ್ಲಿ ನಿಂತಿದ್ದ ಹರಿಣಾಕ್ಷಕ್ಕನ ಮುಖ ಬಿಳುಚಿಕೊಂಡಿತು. ಅವರು ನನ್ನ ಕಡೆ ತಿರುಗಿದರು. "ನಾನು ಮುಟ್ಟುದು ಪ್ಲಗ್ ಒಂದನ್ನೇ. ಗುಡುಗು ಬಂದ್ರೆ ತೆಗೀರಿ ಅಂತ ನೀವೇ ಹೇಳಿದ್ದಲ್ವಾ? ಈಗ ದಿನಾ ಮಧ್ಯಾಹ್ನ ಮೇಲೆ ಗುಡುಗು."

ಅಯ್ಯೋ ದೇವರೇ! ಸಿಡಿಲಿಗೆ ಹೆದರಿ ಪ್ಲಗ್ ಕೀಳದ ಮನೆ ನಮ್ಮ ಕಡೆ ಇಲ್ಲ. ಎಲ್ಲರಿಗೂ ಆ ಬುದ್ಧಿ ಹೇಳುವವನೂ ನಾನೇ. ಕರೆಂಟು ಪೂರಾ ತಪ್ಪಿದಾಗ ಸೆಟ್ಟಿಂಗನ್ನು ಉಳಿಸಿಕೊಳ್ಳುವುದು ಬೋರ್ಡಿನ ಮೇಲಿರುವ ಬಿಲ್ಲೆಯಷ್ಟಗಲದ ಬ್ಯಾಟರಿ. ಅದು ಸತ್ತು ಎಷ್ಟು ಕಾಲವಾಗಿತ್ತೋ, ಪ್ಲಗ್ ತೆಗೆದಾಗಲೆಲ್ಲ ಬೋರ್ಡು ಎಲ್ಲವನ್ನೂ ಮರೆಯುತ್ತಿತ್ತು. ನೀಲಿ ಪುಟದ ಮೂಲೆಯಲ್ಲಿ ತಾರೀಕು ಹದಿನೈದು ವರ್ಷ ಹಿಂದಿನದಿತ್ತು. ಮೂರು ಸಲವೂ ನಾನು ಅದನ್ನು ನೋಡದೆ ದಾಟಿದ್ದೆ. ತಾರೀಕು ಹಿಂದೆ ಹೋದರೆ ಬ್ಯಾಟರಿ ಸತ್ತಿದೆ ಎಂಬುದು ಈ ಕೆಲಸದಲ್ಲಿ ಮೊದಲ ದಿನ ಕಲಿಯುವ ಪಾಠ.

"ತಪ್ಪು ನನ್ನದು ಮಾಷ್ಟ್ರೆ. ಅಕ್ಕ ಎಂತದೂ ಮಾಡ್ಲಿಲ್ಲ," ಎಂದೆ. ಚೀಲದಲ್ಲಿದ್ದ ಹೊಸ ಬ್ಯಾಟರಿ ಹಾಕಿ, ಸೆಟ್ಟಿಂಗ್ ಸರಿಮಾಡಿ, ಪ್ಲಗ್ ಕಿತ್ತು ಪುನಃ ಹಾಕಿ ತೋರಿಸಿದೆ. ಧ್ವನಿ ಎಲ್ಲೂ ತಡವರಿಸದೆ ಪೇಪರು ಓದತೊಡಗಿತು.

ಮಾಸ್ತರರು ಅದನ್ನು ನಿಲ್ಲಿಸಿದರು. "ಹೇಳಬಾರದ್ದು ಹೇಳಿದೆ ಹರಿಣಾಕ್ಷಿ."

"ನೀವು ಸುಳ್ಳು ಹೇಳ್ಲಿಲ್ಲ," ಎಂದರು ಹರಿಣಾಕ್ಷಕ್ಕ. "ನಂಗೆ ಸಹಿಸ್ಲಿಲ್ಲ, ಹೌದು. ಅದು ಓದ್ಲಿಕ್ಕೆ ಶುರು ಮಾಡಿದ ಮೇಲೆ ಬಾ, ಹತ್ರ ಕೂತ್ಕೋ ಅಂತ ನೀವು ನನ್ನನ್ನು ಒಂದು ದಿನ ಕರೀಲಿಲ್ಲ. ಆದ್ರೂ ನಾನು ಅದನ್ನು ಮುಟ್ಲಿಲ್ಲ."

ಮಾಸ್ತರರು ಮಾತು ಬಂದ ದಿಕ್ಕಿಗೆ ಕೈ ಚಾಚಿದರು. ಹರಿಣಾಕ್ಷಕ್ಕ ಆ ಕೈಯನ್ನು ನೋಡುತ್ತಾ ನಿಂತಲ್ಲೇ ನಿಂತಿದ್ದರು. ನಾನು ಚೀಲ ಎತ್ತಿಕೊಂಡು ಅಂಗಳಕ್ಕಿಳಿದೆ. ಹಿಡಿದರೋ ಇಲ್ಲವೋ ಎಂದು ತಿರುಗಿ ನೋಡುವ ಮುಖ ನನಗಿರಲಿಲ್ಲ.