ಸುಟ್ಟ ಗಳಿಗೆ

ಬೆಟ್ಟದಪುರದ ಸುನಂದಮ್ಮ ಸುಟ್ಟಗಾಯಕ್ಕೆ ಸೊಪ್ಪಿನ ಔಷಧಿ ಕೊಡುವವಳು. ಬಿಸಿ ಗಂಜಿ ಚೆಲ್ಲಿಕೊಂಡ ಮಕ್ಕಳು, ಒಲೆಯ ಬೆಂಕಿ ತಗಲಿದ ಹೆಂಗಸರು ಅವಳ ಜಗಲಿಗೆ ಬರುತ್ತಿದ್ದರು, ವಾಸಿಯೂ ಆಗುತ್ತಿತ್ತು. ಸಣ್ಣಪುಟ್ಟ ಗಾಯ ತಾನಾಗಿಯೇ ಮಾಯುತ್ತದೆ ಎಂದು ಅವಳೆದುರು ಹೇಳುವ ಧೈರ್ಯ ಯಾರಿಗಿತ್ತು? ಪಥ್ಯ ಒಂದೇ: ಹೊತ್ತು ಮುಳುಗುವವರೆಗೆ ನೀರು ಕೊಡಬಾರದು, ಕೊಟ್ಟರೆ ಬೊಬ್ಬೆ ಏಳುತ್ತದೆ.

ಆವತ್ತು ಬೆಳಗ್ಗೆ ಎಂಟಕ್ಕೆ, ಮಿಲಿಟರಿಯಿಂದ ರಜೆಗೆ ಬಂದಿದ್ದ ಅವಳ ಮಗ ಶಶಿ ಹೊಗೆಸೊಪ್ಪು ಒಣಗಿಸಿ ಹದ ಮಾಡುವ ಬ್ಯಾರನ್ನಿನಲ್ಲಿ ಬೆಂಕಿಗೆ ಸಿಕ್ಕಿಕೊಂಡ. ಎದೆ, ಬೆನ್ನು, ತೋಳು ಬೆಂದವು. ಗಂಡ ಶಿವಣ್ಣ ಆಟೋ ತರುತ್ತೇನೆಂದರೆ ಅವಳು ಬಿಡಲಿಲ್ಲ. ಊರಿಗೆಲ್ಲ ಔಷಧಿ ಕೊಟ್ಟವಳು ಹೆತ್ತ ಮಗನನ್ನು ಆಸ್ಪತ್ರೆಗೆ ಸಾಗಿಸಿದರೆ ಮರ್ಯಾದೆ ಏನಾಗಬೇಕು? ಸೊಪ್ಪು ಅರೆದು ಹಚ್ಚಿದಳು. ಅವನು ನೀರು ಕೇಳಿದಾಗಲೆಲ್ಲ ಗದರಿದಳು. ಹನ್ನೆರಡರ ಹೊತ್ತಿಗೆ ಅವನ ಮಾತು ತೊದಲಿತು. ಸುನಂದಮ್ಮ ತಾನೇ ಗಂಡನನ್ನು ಆಟೋಗೆ ಅಟ್ಟಿದಳು. ಹಚ್ಚಿದ್ದನ್ನೆಲ್ಲ ತೊಳೆದು ಹೊರಟರು.

ಹುಣಸೂರಿನ ಆಸ್ಪತ್ರೆ ಮುಟ್ಟಿದಾಗ ಒಂದು ಗಂಟೆ. ಡಾಕ್ಟರ್ ಸಂಘಮಿತ್ರ ಕಾಲಿನ ನರಕ್ಕೆ ಡ್ರಿಪ್ ಏರಿಸುತ್ತಾ, "ಎಷ್ಟೊತ್ತಿಗೆ ಸುಟ್ಟಿದ್ದು?" ಎಂದರು.

"ಈಗ್ಲೇ ಕಣ್ರೀ ಡಾಕ್ಟ್ರಮ್ಮ, ಅನ್ನೆರಡೂವರೆಗೆ" ಎಂದುಬಿಟ್ಟಳು ಸುನಂದಮ್ಮ.

"ಸುಟ್ಟ ಮೈಯಿಂದ ನೀರು ಸೋರಿಹೋಗುತ್ತೆ, ಅದನ್ನ ತುಂಬಬೇಕು. ಒಂದು ದಿನಕ್ಕೆ ಕೊಡೋ ನೀರಿನ ಅರ್ಧಪಾಲು ಮೊದಲ ಎಂಟು ಗಂಟೇಲೇ ಹೋಗಬೇಕು, ಅದೂ ಸುಟ್ಟ ಗಳಿಗೆಯಿಂದ ಲೆಕ್ಕ. ಕಮ್ಮಿಯಾದ್ರೆ ಕಿಡ್ನಿ ನಿಲ್ಲುತ್ತೆ, ಜಾಸ್ತಿಯಾದ್ರೆ ಉಸಿರು ಕಟ್ಟುತ್ತೆ. ಆಂಬುಲೆನ್ಸ್ ಬಂದ ಕೂಡಲೇ ಮೈಸೂರಿಗೆ ಕಳಿಸ್ತೀನಿ."

ಸುನಂದಮ್ಮ ಸೆರಗಿನ ಮರೆಯಲ್ಲಿ ಬೆರಳು ಮಡಿಚಿದಳು. ಎಂಟರಲ್ಲಿ ಐದು ಗಂಟೆ ಆಗಲೇ ಕಳೆದಿತ್ತು.

ಸ್ವಲ್ಪ ಹೊತ್ತಿಗೆ ಡಾಕ್ಟರ್ ಮೂತ್ರದ ಚೀಲ ನೋಡಿದರು. ನಾಲ್ಕು ಹನಿ, ಅದೂ ಕಾಫಿ ಡಿಕಾಕ್ಷನ್ ಬಣ್ಣ. "ಈಗ ಸುಟ್ಟವರಿಗೆ ಇಷ್ಟು ಬೇಗ ಹೀಗಾಗಬಾರದಲ್ಲ" ಎಂದು ಹುಬ್ಬು ಗಂಟಿಕ್ಕಿದರು.

ಪಕ್ಕದ ಮಂಚದ ರೋಗಿಯ ಹತ್ತಿರ ಊರಿನ ಯಶೋದಮ್ಮ ಕೂತಿದ್ದಳು. ಹಿಂದೊಮ್ಮೆ ಅವಳ ಮೊಮ್ಮಗಳ ಸುಟ್ಟಗಾಯಕ್ಕೆ ಔಷಧಿ ಕೊಟ್ಟವಳು ಸುನಂದಮ್ಮನೇ. ಈಗ ಬಾಯಿಬಿಟ್ಟರೆ ಸಂಜೆಯೊಳಗೆ ಊರೆಲ್ಲ ಡಂಗುರ. ಸುನಂದಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಎದ್ದು ನಿಂತಳು.

"ಸುಳ್ಳೇಳ್ಬುಟ್ಟೆ ಡಾಕ್ಟ್ರಮ್ಮ. ಸುಟ್ಟಿದ್ದು ಬೆಳಗ್ಗೆ ಎಂಟಕ್ಕೆ. ನಾನೇ ಸೊಪ್ಪಾಕಿ ಮನೇಲಿ ಮಡಿಕ್ಕಂಡಿದ್ದೆ. ನೀರು ನೀರು ಅಂತಿದ್ದ ಮಗ, ಒಂದ್ ತೊಟ್ಟೂ ಕೊಡ್ನಿಲ್ಲ."

ಬೈಯುವುದಕ್ಕೂ ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ಡ್ರಿಪ್ಪಿನ ವೇಗ ಹೆಚ್ಚಿಸಿ ಮೈಸೂರಿಗೆ ಫೋನು ಹಚ್ಚಿದರು.

ಯಶೋದಮ್ಮ ಹತ್ತಿರ ಬಂದು, "ಅಳಬ್ಯಾಡ ಬುಡು. ನಿಂಗೆ ಗೊತ್ತಿದ್ದುದ್ನ ಮಾಡ್ದೆ" ಎಂದಳು.

"ಗೊತ್ತಿಲ್ದೆ ಇದ್ದುದ್ನ ಮಾಡ್ದೆ ಕಣಕ್ಕ" ಎಂದಳು ಸುನಂದಮ್ಮ.

ಮೂರಕ್ಕೆ ಆಂಬುಲೆನ್ಸ್ ಹೊರಟಾಗ ಚೀಲಕ್ಕೆ ಒಂದಿಷ್ಟು ಮೂತ್ರ ಇಳಿದಿತ್ತು. ಉಳಿಯುತ್ತಾನೆಂದು ಯಾರೂ ಹೇಳಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಹುಡುಗಪ್ರಾಯದ ಡಾಕ್ಟರೊಬ್ಬ ಪೆನ್ನು ಹಿಡಿದು ಬಂದ. ಅವನು ಕೇಳುವ ಮೊದಲೇ, ಶಿವಣ್ಣನನ್ನು ಹಿಂದಕ್ಕೆ ಸರಿಸಿ, ಸುನಂದಮ್ಮ ಹೇಳಿದಳು:

"ಎಂಟು ಗಂಟೆಗೆ ಸುಟ್ಟಿದ್ದು. ಒಂದು ಗಂಟೆವರ್ಗೂ ನಾನು ಅವನಿಗೆ ನೀರು ಕೊಟ್ಟಿಲ್ಲ. ಬರ್ಕಳಿ."